ನಮ್ಮ ರಕ್ಷಕನನ್ನು ಕುರಿತು ನಾವು ಅರಿಕೆಮಾಡುವುದೇನು?



ಕರ್ತನ ದಿನದಲ್ಲಿ ಸಭೆಯೆಲ್ಲವೂ ಎದ್ದು ನಿಂತು ವಿಶ್ವಾಸಪ್ರಮಾಣವನ್ನು ಏಕಸ್ವರದಿಂದ ಹೇಳುವುದನ್ನು ನಾವು ಚಿಕ್ಕಂದಿನಿಂದಲೂ ಕೇಳುತ್ತ ಬಂದಿದ್ದೇವೆ. ಆದರೆ ಬಾಯಿಪಾಠವಾದ ಮಾತು ಬಾಯಲ್ಲಿಯೇ ನಿಂತುಹೋಗುವುದೂ ಉಂಟು. ನಮ್ಮ ಸಹಕಾರನಗರದಲ್ಲಿ ನಾನಾ ಮತಗಳವರು ನೆರೆಹೊರೆಯಾಗಿ ಬಾಳುತ್ತಾರೆ. ನೆರೆಮನೆಯ ಗೆಳತಿಯೊಬ್ಬಳು, “ನಿಮ್ಮ ಯೇಸುಸ್ವಾಮಿ ಯಾರು? ಒಳ್ಳೇ ಗುರುವೋ, ದೇವರೋ?” ಎಂದು ಕೇಳಿದರೆ, ನಮ್ಮಲ್ಲಿ ಎಷ್ಟು ಮಂದಿ ತಡವರಿಸದೆ ಉತ್ತರಕೊಡಬಲ್ಲೆವು? ಆದಕಾರಣ ಈ ಪಾಠದಲ್ಲಿ ಆ ಪ್ರಮಾಣದ ನಡುಭಾಗವನ್ನು ಸ್ವಲ್ಪ ವಿಚಾರಿಸೋಣ.

1. ಒಬ್ಬನೇ ಕರ್ತೃ

ಕ್ರಿಯೆಯನ್ನು ಮಾಡುವವನು ಕರ್ತೃವೆಂದು ನಾವು ವ್ಯಾಕರಣದಲ್ಲಿ ಕಲಿತಿದ್ದೇವೆ. ಸಭೆಯು ಯೇಸುವನ್ನು ಕರ್ತನೆಂದು ಕರೆಯುತ್ತದೆ. ಅಪೊಸ್ತಲರ ವಿಶ್ವಾಸಪ್ರಮಾಣದಲ್ಲಿ ಆತನ ಜನನ, ಬಾಧೆ, ಮರಣ, ಪುನರುತ್ಥಾನ, ಸ್ವರ್ಗಾರೋಹಣ, ಪುನರಾಗಮನ ಇವೆಲ್ಲವೂ ಸಾಲಾಗಿ ಬರುತ್ತವೆ. ಕ್ರಿಯೆಗಳು ಹಲವು, ಅವೆಲ್ಲವೂ ಸಲ್ಲುವುದು ಒಬ್ಬನಿಗೇ. ತಂದೆಯ ಏಕಪುತ್ರನಾಗಿರುವವನು ಯಾರೋ, ಮರಿಯಳ ಮಡಿಲಲ್ಲಿ ಮಲಗಿದವನೂ ಆತನೇ.

ಈ ಸತ್ಯವನ್ನು ಕಾಪಾಡುವದಕ್ಕಾಗಿ ಪೂರ್ವಿಕರು ಬಹಳ ಶ್ರಮಪಟ್ಟರು. ಅಲೆಕ್ಸಾಂದ್ರಿಯದ ಏರಿಯಸನು, ಮಗನು ಸೃಷ್ಟಿಯಾದವನೇ ಎಂದು ಬೋಧಿಸಿದಾಗ, ಕ್ರಿ. ಶ. 325ರಲ್ಲಿ ನೈಸಿಯದಲ್ಲಿ ಕೂಡಿದ ಸಭಾಧ್ಯಕ್ಷರು ಮಗನು ತಂದೆಯೊಂದಿಗೆ ಏಕಸ್ವಭಾವದವನೆಂದು ನಿರ್ಣಯಿಸಿದರು. 451ರಲ್ಲಿ ಕಲ್ಕೆದೋನಿನ ಮಹಾಸಭೆಯು, ಆತನು ಪೂರ್ಣ ದೇವರೂ ಪೂರ್ಣ ಮನುಷ್ಯನೂ ಆಗಿದ್ದು, ಎರಡು ಸ್ವಭಾವಗಳು ಕಲಬೆರಕೆಯಾಗದೆ, ಅಗಲದೆ, ಒಬ್ಬನಲ್ಲಿಯೇ ಕೂಡಿವೆಯೆಂದು ಹೇಳಿತು. ಇದು ಪಂಡಿತರ ಬರಿಯ ವಾದವಲ್ಲ. ಆತನು ದೇವರಲ್ಲದಿದ್ದರೆ ನಮ್ಮನ್ನು ರಕ್ಷಿಸಲಾರನು. ಮನುಷ್ಯನಲ್ಲದಿದ್ದರೆ ನಮಗೆ ಬದಲಾಗಿ ಸಾಯಲಾರನು.

2. ಪಿಲಾತನ ಹೆಸರು ಏಕೆ?

ಇಷ್ಟು ಪವಿತ್ರವಾದ ಅರಿಕೆಯಲ್ಲಿ ಅನ್ಯಾಯದ ತೀರ್ಪನ್ನು ಕೊಟ್ಟ ಅಧಿಪತಿಯ ಹೆಸರು ಏತಕ್ಕೆ? ಇದಕ್ಕೆ ಉತ್ತರವನ್ನು ನಮ್ಮ ಸಮೀಪದ ಒಂದು ಕಲ್ಲಿನಿಂದ ಕಲಿಯಬಹುದು. 2018ರಲ್ಲಿ ಹೆಬ್ಬಾಳದಲ್ಲಿ ಒಂದು ವೀರಗಲ್ಲು ದೊರೆಯಿತು. ಅದು ಸುಮಾರು ಕ್ರಿ. ಶ. 750ರದೆಂದು ವಿದ್ವಾಂಸರು ಹೇಳುತ್ತಾರೆ. ಗಂಗರ ಅರಸನಾದ ಶ್ರೀಪುರುಷನ ಆಳಿಕೆಯಲ್ಲಿ, ಊರಿನ ಮೇಲೆ ಬಿದ್ದ ಶತ್ರುಗಳನ್ನು ಎದುರಿಸಿ ಕಿತ್ತಯ್ಯನೆಂಬ ವೀರನು ಮಡಿದನೆಂಬುದು ಅದರ ವಿಷಯ. ಅರಸನ ಹೆಸರನ್ನು ಕೆತ್ತಿರುವುದರಿಂದ, ಕಿತ್ತಯ್ಯನು ಕಟ್ಟುಕಥೆಯವನಲ್ಲ, ಇಂಥ ಕಾಲದಲ್ಲಿ ಇಂಥ ನಾಡಿನಲ್ಲಿ ಬಾಳಿದವನೆಂದು ನಾವು ತಿಳಿಯುತ್ತೇವೆ.

ಪಿಲಾತನ ಹೆಸರೂ ಇದೇ ಕೆಲಸವನ್ನು ಮಾಡುತ್ತದೆ. ಅವನು ಕ್ರಿ. ಶ. 26ರಿಂದ 36ರ ವರೆಗೆ ಯೂದಾಯದ ಅಧಿಪತಿಯಾಗಿದ್ದನು. ಸಮುದ್ರತೀರದ ಕೈಸರೈಯದಲ್ಲಿ ಅವನ ಹೆಸರುಳ್ಳ ಕಲ್ಲೊಂದು 1961ರಲ್ಲಿ ಸಿಕ್ಕಿತು. ನಮ್ಮ ರಕ್ಷಕನ ಬಾಧೆಯು ಕನಸಲ್ಲ, ಉಪಮೆಯಲ್ಲ. ಈ ಭೂಮಿಯ ಮೇಲೆ, ಒಂದು ನಿಜವಾದ ಆಳಿಕೆಯಲ್ಲಿ ನಡೆದ ಸಂಗತಿ.

3. ವೀರನಿಗಿಂತ ಹೆಚ್ಚಿನವನು

ತನ್ನವರಿಗಾಗಿ ಪ್ರಾಣಕೊಟ್ಟ ಕಿತ್ತಯ್ಯನನ್ನು ನಾವು ಗೌರವದಿಂದ ನೆನೆಯುತ್ತೇವೆ. ಆದರೆ ಕ್ರಿಸ್ತನ ವಿಷಯದಲ್ಲಿ ಸಭೆಯು ಇನ್ನೂ ಎರಡು ಮಾತುಗಳನ್ನು ಹೇಳುತ್ತದೆ. ಮೊದಲನೆಯದು, ಆತನು ಸ್ವಜನರಿಗಾಗಿ ಮಾತ್ರವಲ್ಲ, ತನ್ನನ್ನು ಶಿಲುಬೆಗೆ ಹಾಕಿದ ವೈರಿಗಳಿಗಾಗಿಯೂ ಸತ್ತನು. ಎರಡನೆಯದು, ಆತನು ಮೂರನೆಯ ದಿನದಲ್ಲಿ ಎದ್ದನು. ವೀರಗಲ್ಲು ಸತ್ತವನ ನೆನಪನ್ನು ಕಾಯುತ್ತದೆ. ಯೇಸುವಿನ ಸಮಾಧಿಯ ಕಲ್ಲು ಉರುಳಿಹೋಯಿತು. ಪುನರುತ್ಥಾನವಿಲ್ಲದಿದ್ದರೆ ನಮ್ಮ ನಂಬಿಕೆಯು ವ್ಯರ್ಥವೆಂದು ಪೌಲನೇ ಕೊರಿಂಥದವರಿಗೆ ಬರೆದನು. ಎದ್ದಾತನೇ ಈಗ ತಂದೆಯ ಬಲಗಡೆಯಲ್ಲಿದ್ದು, ನ್ಯಾಯತೀರಿಸಲು ತಿರಿಗಿ ಬರುವನು.

4. ಕೂಡಿ ಹೇಳುವ ಅರಿಕೆ

1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಇಂಡಿಯಾ ಸಭೆಯು ಸ್ಥಾಪಿತವಾದಾಗ, ಬೇರೆ ಬೇರೆ ಪದ್ಧತಿಗಳ ಸಭೆಗಳು ಒಂದಾದವು. ಅಪೊಸ್ತಲರ ಮತ್ತು ನೈಸಿಯದ ಪ್ರಮಾಣಗಳನ್ನು ಅವು ತಮ್ಮ ಐಕ್ಯದ ಆಧಾರಗಳಲ್ಲಿ ಸೇರಿಸಿಕೊಂಡವು. ಸಹಕಾರವೆಂದರೆ ಕೂಡಿ ಮಾಡುವುದು. ಒಬ್ಬಳ ನಂಬಿಕೆ ಕುಂದಿದ ದಿನದಲ್ಲಿ ಪಕ್ಕದಲ್ಲಿ ನಿಂತವಳ ಸ್ವರವು ಅವಳನ್ನು ಎತ್ತಿಹಿಡಿಯುತ್ತದೆ.

ಆದಕಾರಣ ಗೆಳತಿಯು ಕೇಳಿದಾಗ ನಾವು ವಾದಕ್ಕೆ ನಿಲ್ಲದೆ, ಅವಳ ನಂಬಿಕೆಯನ್ನು ಹೀಯಾಳಿಸದೆ, ಸಾತ್ವಿಕತ್ವದಿಂದ ಹೀಗೆ ಹೇಳೋಣ: “ಆತನು ದೇವರು, ಆತನು ಮನುಷ್ಯನು, ನಮಗಾಗಿ ಸತ್ತನು, ಈಗ ಜೀವಿಸುತ್ತಾನೆ.” ವೈರಿಗಳನ್ನು ಕ್ಷಮಿಸಿದವನನ್ನು ಅರಿಕೆಮಾಡುವವಳು, ಪಕ್ಕದ ಮಣೆಯವಳೊಂದಿಗೆ ಮಾತುಬಿಟ್ಟು ಕುಳಿತರೆ ಆ ಅರಿಕೆಗೆ ಬೆಲೆಯೇನು? ನಮ್ಮ ನಡತೆಯೇ ನಮ್ಮ ಎರಡನೆಯ ವಿಶ್ವಾಸಪ್ರಮಾಣವಾಗಿರಲಿ.

ಆಲೋಚಿಸತಕ್ಕ ಪ್ರಶ್ನೆಗಳು

1. ರಕ್ಷಕನು ದೇವರೂ ಮನುಷ್ಯನೂ ಆಗಿರಬೇಕಾದದ್ದು ಏಕೆ?
2. ಪಿಲಾತನ ಹೆಸರನ್ನು ಬಿಟ್ಟರೆ ಅರಿಕೆಯಲ್ಲಿ ಏನು ಕಡಿಮೆಯಾಗುವುದು?
3. ಈ ವಾರದಲ್ಲಿ ನಾವು ಯಾರೊಂದಿಗೆ ಸಮಾಧಾನವಾಗತಕ್ಕದ್ದು?