ತಪ್ಪಿ ಬಿದ್ದ ಬೆಲೆಗೆ ಕೊಳ್ಳಬಹುದೇ?

ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಿಗೂ ಈಗ ಪಾರ್ಸಲ್ ಬೈಕು ಬರುತ್ತದೆ. ಹೊಸದಾಗಿ ಆನ್‌ಲೈನ್‌ನಲ್ಲಿ ಸಾಮಾನು ತರಿಸಲು ಕಲಿತವರಿಗೆ ಒಂದಲ್ಲ ಒಂದು ದಿನ ಈ ಪ್ರಶ್ನೆ ಎದುರಾಗುತ್ತದೆ. 18,990 ರೂಪಾಯಿಯ ಫ್ರಿಜ್ಜಿಗೆ ಪರದೆಯ ಮೇಲೆ 1,899 ಎಂದು ಬೆಲೆ ಕಾಣುತ್ತಿದೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರೋ ಲಿಂಕ್ ಹಾಕಿ, ಸರಿಮಾಡುವ ಮೊದಲೇ ಬುಕ್ ಮಾಡಿ ಎಂದಿದ್ದಾರೆ. ಮಾಡಬಹುದೇ?

ಬುಕ್ ಮಾಡುವಾಗ ನಿಮಗೆ ಏನು ಗೊತ್ತಿತ್ತು ಎಂಬುದರ ಮೇಲೆ ಉತ್ತರ ನಿಂತಿದೆ. ಹಬ್ಬದ ರಿಯಾಯಿತಿ ಇರಬೇಕು ಎಂದು ನಂಬಿ ಕೊಂಡಿದ್ದರೆ ನಿಮ್ಮಲ್ಲಿ ತಪ್ಪಿಲ್ಲ. ಎದುರಿನವರ ಕೈತಪ್ಪು ಎಂದು ಗೊತ್ತಿದ್ದೂ, ಅವರು ಎಚ್ಚೆತ್ತುಕೊಳ್ಳುವುದರೊಳಗೆ ಬಾಚಿಕೊಳ್ಳೋಣ ಎಂದು ಕೊಂಡರೆ ಅದು ಸರಿಯಲ್ಲ.

ದೊಡ್ಡ ಕಂಪನಿಗೆ ಇದೆಲ್ಲ ಯಾವ ಲೆಕ್ಕ ಎಂದು ಹಲವರು ಕೇಳುತ್ತಾರೆ. ಇಲ್ಲಿ ಸ್ವಲ್ಪ ನಿಧಾನಿಸಬೇಕು. ನಮ್ಮ ದೇಶದ ನಿಯಮದಂತೆ, ವಿದೇಶಿ ಬಂಡವಾಳವಿರುವ ಮಾರುಕಟ್ಟೆ ತಾಣಗಳು ತಮ್ಮದೇ ಸರಕನ್ನು ಮಾರುವಂತಿಲ್ಲ. ಅವು ಸಂತೆಯ ಜಾಗ ಒದಗಿಸುತ್ತವೆ, ಸರಕು ಬೇರೆ ಮಾರಾಟಗಾರರದು. ತುಮಕೂರಿನ ಮಂಡಿಪೇಟೆಯ ಅಂಗಡಿಯವರೂ ಜಿಎಸ್‌ಟಿ ನೋಂದಣಿ ಮಾಡಿಸಿ ಅಲ್ಲಿ ಮಾರಾಟಗಾರರಾಗಬಹುದು. ಅವರ ಕೆಲಸ ನೋಡಿ: ನೂರಾರು ಸಾಮಾನುಗಳ ಹೆಸರು, ಎಂಆರ್‌ಪಿ, ಮಾರುವ ಬೆಲೆ, ದಾಸ್ತಾನು ಎಲ್ಲವನ್ನೂ ಎಕ್ಸೆಲ್ ಹಾಳೆಯ ಕಾಲಂಗಳಲ್ಲಿ ತುಂಬಿ ಒಟ್ಟಿಗೆ ಏರಿಸುತ್ತಾರೆ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಕೂತು ಮಾಡುವಾಗ ಒಂದು ಸೊನ್ನೆ ಬಿಟ್ಟುಹೋದರೆ ಬೆಳಗಾಗುವಷ್ಟರಲ್ಲಿ ನೂರು ಆರ್ಡರ್ ಬಿದ್ದಿರುತ್ತವೆ.

ಬ್ರಿಟನ್ನಿನಲ್ಲಿ ಇದು ನಡೆದೇಹೋಯಿತು. 2014ರ ಡಿಸೆಂಬರ್ 12ರ ಸಂಜೆ, ಬೆಲೆಯನ್ನು ತಾನಾಗಿಯೇ ಹೊಂದಿಸುವ ರಿಪ್ರೈಸರ್ ಎಕ್ಸ್‌ಪ್ರೆಸ್ ಎಂಬ ತಂತ್ರಾಂಶ ಕೆಟ್ಟು, ಅಮೆಜಾನ್‌ನಲ್ಲಿ ಎಷ್ಟೋ ಸಾಮಾನುಗಳ ಬೆಲೆ ಒಂದು ಪೆನ್ನಿಗೆ, ಅಂದರೆ ಅಲ್ಲಿನ ಪೈಸೆಗೆ, ಇಳಿಯಿತು. ಸುಮಾರು ಒಂದು ಗಂಟೆ ಹಾಗೇ ಇತ್ತು. ಅನೇಕ ಆರ್ಡರ್‌ಗಳನ್ನು ಅಮೆಜಾನ್ ರದ್ದುಮಾಡಿತು, ಆದರೆ ಅಷ್ಟರಲ್ಲೇ ಗೋದಾಮಿನಿಂದ ಹೊರಟಿದ್ದ ಸರಕು ಹೋಗಿಯೇ ಹೋಯಿತು. ಆ ನಷ್ಟ ಮನೆಮಂದಿಯೇ ಸೇರಿ ನಡೆಸುತ್ತಿದ್ದ ಸಣ್ಣ ವ್ಯಾಪಾರಗಳ ತಲೆಯ ಮೇಲೆ ಬಿತ್ತು. ಕಂಪನಿಯ ಲೆಕ್ಕ ಹೇಳುವವರು ಇದನ್ನು ನೆನಪಿಡಬೇಕು.

ಇನ್ನು ನಮ್ಮ ಜಿಲ್ಲೆಯಲ್ಲೇ, ತಿಪಟೂರು ಮಾರುಕಟ್ಟೆಯ ಕೊಬ್ಬರಿ ಇ-ಟೆಂಡರ್ ತೆಗೆದುಕೊಳ್ಳಿ. ವರ್ತಕರು ಪ್ರತಿ ಲಾಟಿಗೂ ಕ್ವಿಂಟಲ್ ಲೆಕ್ಕದಲ್ಲಿ ದರ ಬರೆಯುತ್ತಾರೆ. ಗುಬ್ಬಿಯ ರೈತರೊಬ್ಬರ ಲಾಟಿಗೆ ವರ್ತಕ 18,000 ಎಂದು ಬರೆಯಹೋಗಿ ಒಂದು ಸೊನ್ನೆ ಹೆಚ್ಚು ಒತ್ತಿದ ಎಂದುಕೊಳ್ಳಿ. 1,80,000 ಕೊಟ್ಟೇ ತೀರಬೇಕು ಎಂದು ಆ ರೈತರು ಪಟ್ಟುಹಿಡಿದರೆ ಊರಿನವರೇ ಒಪ್ಪುವುದಿಲ್ಲ. ಅದೇ ವರ್ತಕ ಸೊನ್ನೆ ಬಿಟ್ಟು 1,800 ಬರೆದು, ರೈತರು ಗಮನಿಸದೆ ಒಪ್ಪಿಗೆ ಕೊಟ್ಟರೆಂದು ಅಷ್ಟೇ ಕೈಗಿಟ್ಟರೆ ನಾವು ಅದನ್ನು ಮೋಸ ಎನ್ನುತ್ತೇವೆ. ಫ್ರಿಜ್ ಕೊಳ್ಳುವಾಗಲೂ ಇದೇ ನ್ಯಾಯ ಅನ್ವಯವಾಗಬೇಕು.

ಹಾಗಾದರೆ ತಪ್ಪು ಬೆಲೆ ಎಂದು ತಿಳಿಯುವುದು ಹೇಗೆ? ಕೆಲವೊಮ್ಮೆ ನಿಜಕ್ಕೂ ತಿಳಿಯುವುದಿಲ್ಲ. ಜನರನ್ನು ಸೆಳೆಯಲೆಂದೇ ಒಂದು ರೂಪಾಯಿಗೆ ಫೋನು ಕೊಡುತ್ತೇವೆ ಎಂದು ಪ್ರಚಾರ ಮಾಡಿದ ಕಂಪನಿಗಳಿವೆ. ಅದೇ ಮಾದರಿಯನ್ನು ಬೇರೆ ಮಾರಾಟಗಾರರು ಎಷ್ಟಕ್ಕೆ ಕೊಡುತ್ತಿದ್ದಾರೆ, ರಿಯಾಯಿತಿಯ ಘೋಷಣೆ ಎಲ್ಲಾದರೂ ಇದೆಯೇ, ಬರೀ ಒಂದು ಅಂಕಿಯೋ ಚುಕ್ಕಿಯೋ ಜಾರಿದಂತಿದೆಯೇ ಎಂದು ನೋಡಿದರೆ ಬಹುಪಾಲು ಗೊತ್ತಾಗುತ್ತದೆ. ಹೆಸರೇ ಕೇಳದ ತಾಣವಾದರೆ ಅದು ಕೈತಪ್ಪೂ ಅಲ್ಲ, ನಿಮಗೇ ಒಡ್ಡಿದ ಬಲೆ ಇರಬಹುದು. ಅಲ್ಲಿ ಹಣ ಕಟ್ಟಲೇಬೇಡಿ. ಕಟ್ಟಿ ಮೋಸಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ನ್ಯಾಯಾಲಯಗಳೂ ಈ ತಿಳಿವಳಿಕೆಯನ್ನೇ ತೂಗಿ ನೋಡಿವೆ. 2003ರ ಜನವರಿಯಲ್ಲಿ ಸಿಂಗಪುರದ ಒಂದು ತಾಣದಲ್ಲಿ 3,854 ಡಾಲರಿನ ಪ್ರಿಂಟರ್‌ಗೆ 66 ಡಾಲರ್ ಎಂದು ಬೆಲೆ ಬಿದ್ದಿತ್ತು. ಆರು ಮಂದಿ ಗೆಳೆಯರು ನಡುರಾತ್ರಿ ಕಳೆದ ಮೇಲೆ ಒಬ್ಬರಿಗೊಬ್ಬರು ಸಂದೇಶ ಕಳಿಸಿಕೊಂಡು 1,606 ಪ್ರಿಂಟರ್‌ಗಳಿಗೆ ಆರ್ಡರ್ ಕೊಟ್ಟರು. ತಪ್ಪು ಎಂದು ತಿಳಿದೇ ಕೊಂಡಿದ್ದಾರೆ, ಆದ್ದರಿಂದ ಈ ಒಪ್ಪಂದ ನಿಲ್ಲದು ಎಂದು 2004ರಲ್ಲಿ ಹೈಕೋರ್ಟ್, ಮರುವರ್ಷ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟವು.

ಒಡಿಶಾದಲ್ಲಿ ಆದದ್ದು ಬೇರೆ. 2014ರಲ್ಲಿ ಒಬ್ಬ ಕಾನೂನು ವಿದ್ಯಾರ್ಥಿ ಅಮೆಜಾನ್‌ನಲ್ಲಿ 23,499ರ ಲ್ಯಾಪ್‌ಟಾಪ್ 190 ರೂಪಾಯಿಗೆ ಕಂಡು ತನ್ನ ಓದಿಗೆಂದು ಒಂದನ್ನು ಬುಕ್ ಮಾಡಿದ. ಆರ್ಡರ್ ಖಚಿತವಾದ ಮೇಲೆ ರದ್ದುಮಾಡಿದರು. 2021ರಲ್ಲಿ ರಾಜ್ಯ ಗ್ರಾಹಕ ಆಯೋಗ ಪರಿಹಾರ ಕೊಡುವಂತೆ ಕಂಪನಿಗೆ ಆದೇಶಿಸಿತು. ಈ ಆದೇಶವನ್ನು ನಾನು ಒಪ್ಪುತ್ತೇನೆ. ಗ್ರಾಹಕರನ್ನು ಬರಮಾಡಿಕೊಂಡು, ಆರ್ಡರ್ ಒಪ್ಪಿಕೊಂಡು, ಆಮೇಲೆ ಸರಿಯಾದ ಕಾರಣವನ್ನೂ ಹೇಳದೆ ಕೈಬಿಡುವ ಹಕ್ಕು ಯಾವ ಕಂಪನಿಗೂ ಇರಬಾರದು. ನಮ್ಮ 1872ರ ಕರಾರು ಕಾಯ್ದೆಯ 22ನೇ ಕಲಮಿನ ಪ್ರಕಾರವೂ, ಒಬ್ಬರ ಕಡೆಯಷ್ಟೇ ತಪ್ಪು ತಿಳಿವಳಿಕೆ ಇತ್ತೆಂಬ ಒಂದೇ ಕಾರಣಕ್ಕೆ ಒಪ್ಪಂದ ರದ್ದಾಗುವುದಿಲ್ಲ. ನಂಬಿ ಕೊಂಡು ಅನ್ಯಾಯವಾಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕುಣಿಗಲ್‌ನವರು ಕಂಪನಿಯ ಊರಿಗೆ ಅಲೆಯಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ, ತಾವು ವಾಸವಿರುವ ಜಿಲ್ಲೆಯ ಆಯೋಗದಲ್ಲಿ, ಅಂದರೆ ತುಮಕೂರಿನಲ್ಲೇ ದೂರು ಕೊಡಬಹುದು.

ಸಾಮಾನು ಮನೆಗೆ ಬಂದ ಮೇಲೆ, ಬೆಲೆ ತಪ್ಪಿತ್ತು ಎಂದು ಮಾರಾಟಗಾರರು ಫೋನ್ ಮಾಡಿದರೆ? ಮೊದಲು ತಾಣದ ಆ್ಯಪ್ ಮೂಲಕವೇ ಅವರು ನಿಜವಾದ ಮಾರಾಟಗಾರರೇ ಎಂದು ಖಾತ್ರಿ ಮಾಡಿಕೊಳ್ಳಿ. ಫೋನಿನಲ್ಲಿ ಒಟಿಪಿ ಕೊಡಬೇಡಿ, ಅವರು ಹೇಳಿದ ಖಾತೆಗೆ ನೇರವಾಗಿ ದುಡ್ಡು ಹಾಕಬೇಡಿ. ಕೇಳಿದವರು ನಿಜವಾದ ಮಾರಾಟಗಾರರೇ ಆಗಿದ್ದು, ತಪ್ಪು ಎದ್ದು ಕಾಣುವಂತಿದ್ದರೆ, ಪೆಟ್ಟಿಗೆ ಬಿಚ್ಚದೆ ಹಿಂದಿರುಗಿಸಿ. ವಾಪಸು ಸಾಗಣೆಯ ಖರ್ಚು ಅವರದು, ನಿಮ್ಮ ಪೂರ್ತಿ ಹಣ ನಿಮ್ಮ ಖಾತೆಗೆ ಬರಬೇಕು. ಇವೆರಡನ್ನೂ ಬರಹದಲ್ಲಿ ಒಪ್ಪಿಸಿಕೊಂಡ ಮೇಲೆ ಪೆಟ್ಟಿಗೆಯನ್ನು ಕೊರಿಯರ್‌ನವರ ಕೈಗೆ ಕೊಡಿ.