ಹೊಲದ ಸುಣ್ಣ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು?

ಬಂಡೆ ಸವೆದು ಮಣ್ಣಾಗುತ್ತದೆಂಬುದನ್ನು ನೀವು ಬಲ್ಲಿರಿ. ಉತ್ತರ ಕರ್ನಾಟಕದ ಎರೆಭೂಮಿ ಹೆಚ್ಚಾಗಿ ಬಸಾಲ್ಟ್ ಶಿಲೆಯಿಂದಲೂ, ದಕ್ಷಿಣದ ಕೆಂಪುಭೂಮಿ ಗ್ರಾನೈಟ್, ನೈಸ್ ಶಿಲೆಗಳಿಂದಲೂ ಆದದ್ದು. ಹಾಗಾದರೆ ಕೆಳಗೆ ಬಂಡೆ ಇರುವವರೆಗೂ ಬೆಳೆಗೆ ಸುಣ್ಣಾಂಶ ಸಿಗುತ್ತಲೇ ಇರಬೇಕಲ್ಲವೇ ಎಂದು ಕೆಲವರು ಕೇಳುವುದುಂಟು. ಒಳ್ಳೆಯ ಪ್ರಶ್ನೆ. ಇದಕ್ಕೆ ಸ್ಪಷ್ಟ ಉತ್ತರ ದೊರೆತದ್ದು ದೂರದ ಹವಾಯಿ ದ್ವೀಪಗಳಲ್ಲಿ.

ಒಂದೇ ತಳಿಯ, ಒಂದೇ ಬಣ್ಣದ ಎರಡು ಎತ್ತುಗಳಲ್ಲಿ ಒಂದು ತುಸು ಭಾರವಾಗಿರಬಹುದು. ಗೇಯುವ ಕೆಲಸ ಎರಡರದೂ ಒಂದೇ. ಒಂದೇ ಮೂಲಧಾತುವಿನ ಪರಮಾಣುಗಳಲ್ಲಿಯೂ ಹೀಗೆ ತೂಕದ ಭೇದವುಂಟು. ಇವೇ ಸಮಸ್ಥಾನಿಗಳು ಅಥವಾ ಐಸೋಟೋಪುಗಳು. ಸ್ಟ್ರಾನ್ಷಿಯಂ ಎಂಬ ಧಾತು ಸುಣ್ಣದ ಕ್ಯಾಲ್ಸಿಯಂ ಜೊತೆಯಲ್ಲಿಯೇ ಬಂಡೆಯಿಂದ ಮಣ್ಣಿಗೆ, ಬೇರಿಗೆ, ಎಲೆಗೆ ಸಾಗುತ್ತದೆ. ಅದರ 86 ತೂಕದ ಪ್ರತಿ 1000 ಪರಮಾಣುಗಳಿಗೆ 87 ತೂಕದವು ಹವಾಯಿಯ ಬಸಾಲ್ಟಿನಲ್ಲಿ ಸುಮಾರು 703–704, ಸಮುದ್ರದ ನೀರಿನಲ್ಲಿ 709. ವ್ಯತ್ಯಾಸ ಅಲ್ಪವೆನಿಸಿದರೂ ಯಂತ್ರಕ್ಕೆ ಇಷ್ಟು ಸಾಕು.

ಆಲಿವರ್ ಚಾಡ್ವಿಕ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ 300 ವರ್ಷದಿಂದ 41 ಲಕ್ಷ ವರ್ಷದವರೆಗಿನ ಲಾವಾ ನೆಲಗಳನ್ನು ಆರಿಸಿಕೊಂಡಿದ್ದರು. ಎಲ್ಲೆಡೆಯೂ ವರ್ಷಕ್ಕೆ ಸುಮಾರು 2500 ಮಿ.ಮೀ. ಮಳೆ, ಒಂದೇ ಜಾತಿಯ ಮರ. ಎಳೆಯ ನೆಲದ ಎಲೆಗಳಲ್ಲಿ ಬಂಡೆಯ ಗುರುತು ಕಂಡಿತು. ಹಳೆಯ ನೆಲದಲ್ಲಿ ಸಮುದ್ರದ ಗುರುತು. ಎಂದರೆ ಬಂಡೆಯ ಸುಣ್ಣ ಮಳೆಗೆ ಬಹುಪಾಲು ಬಸಿದುಹೋಗಿತ್ತು; ಮರಗಳಿಗೆ ಗಾಳಿ ಮಳೆಗಳೊಡನೆ ಬಂದ ಸಮುದ್ರದ ಲವಣವೇ ಆಧಾರವಾಗಿತ್ತು. ಅತಿ ಹಳೆಯ ನೆಲದಲ್ಲಂತೂ ರಂಜಕ ಬಹುಮಟ್ಟಿಗೆ ಏಷ್ಯಾ ಖಂಡದಿಂದ ಹಾರಿಬಂದ ಧೂಳಿನದು! ಇಷ್ಟರಲ್ಲಿ ಕಾಡು ಬದುಕೀತು. ಪ್ರತಿವರ್ಷ ಫಸಲು ಹೊತ್ತೊಯ್ಯುವ ನಮಗೆ ಸಾಲದು. ಮಲೆನಾಡಿನ ಜಂಬಿಟ್ಟಿಗೆ ಮಣ್ಣು ಹುಳಿಯಾಗಲು ಸಹ ಹೀಗೆ ಮಳೆಗೆ ಸುಣ್ಣಾಂಶ ಬಸಿದುಹೋಗುವುದೇ ಮುಖ್ಯ ಕಾರಣ. ಅಲ್ಲಿ ಮಣ್ಣು ಪರೀಕ್ಷೆ ಮಾಡಿಸಿ, ಶಿಫಾರಸಿನಂತೆ ಸುಣ್ಣ ಹಾಕಿರಿ. ಕೆಳಗಿನ ಬಂಡೆಯನ್ನು ನಂಬಿ ಕೂರಬೇಡಿ.

ಇನ್ನು ಬಸಿದುಹೋದ ಸುಣ್ಣದ ಮಾತು. ಅದು ಹೊಳೆಗಳ ಮೂಲಕ ಸಮುದ್ರ ಸೇರಿ ಜೀವಿಗಳ ಚಿಪ್ಪಾಗುತ್ತದೆ. ಚಿಪ್ಪಿನಲ್ಲಿ ಆಮ್ಲಜನಕವೂ ಇದೆ: ಹಗುರವಾದ 16, ಭಾರವಾದ 18. ನೀರು ತಣ್ಣಗಿದ್ದಷ್ಟೂ ಭಾರದ್ದು ತುಸು ಹೆಚ್ಚು ಸೇರುತ್ತದೆ. ಈ ಜಾಡು ಹಿಡಿದು ಹೆರಾಲ್ಡ್ ಯೂರಿ ಮತ್ತು ಸಂಗಡಿಗರು 10 ಕೋಟಿಗೂ ಹೆಚ್ಚು ವರ್ಷ ಹಳೆಯದಾದ ಬೆಲೆಮ್ನೈಟ್ ಎಂಬ ಪ್ರಾಣಿಯ ಪಳೆಯುಳಿಕೆಯನ್ನು ಪದರ ಪದರವಾಗಿ ಹೆರೆದು ಪರೀಕ್ಷಿಸಿ, ಫಲಿತಾಂಶವನ್ನು 1951ರಲ್ಲಿ ಪ್ರಕಟಿಸಿದರು. ನಮ್ಮ ಕರಾವಳಿಯಲ್ಲಿ ಬೊಂಡಾಸ್ ಎನ್ನುವರಲ್ಲ, ಅದರ ದೂರದ ಬಂಧು ಇದು. ಮೂರು ಬೇಸಿಗೆ, ನಾಲ್ಕು ಚಳಿಗಾಲ ಒಂದಾದ ಮೇಲೊಂದು ಪದರಗಳಲ್ಲಿ ಕಂಡವು. ಋತುವಿನಿಂದ ಋತುವಿಗೆ ನೀರಿನ ಉಷ್ಣತೆಯಲ್ಲಿ ಹೆಚ್ಚೆಂದರೆ ಸುಮಾರು 6 ಡಿಗ್ರಿ ಸೆಂಟಿಗ್ರೇಡ್ ಅಂತರ. ಪ್ರಾಣಿ ಸುಮಾರು ನಾಲ್ಕು ವರ್ಷ ಬದುಕಿ, ವಸಂತ ಋತುವಿನಲ್ಲಿ ಸತ್ತಿತ್ತು.