ಅಗ್ಗದ ಇಟ್ಟಿಗೆಯೂ ಅಳತೆಯ ಪಾಠವೂ



ನ್ಯೂಜೆರ್ಸಿಯಲ್ಲಿ ಮಕ್ಕಳಿರುವ ಯಾವ ಮನೆಯ ಬೇಸ್‌ಮೆಂಟಿಗೆ ಇಳಿದರೂ ಬರಿಗಾಲಿಗೆ ಮೊದಲು ಚುಚ್ಚುವುದು ಪ್ಲಾಸ್ಟಿಕ್ ಇಟ್ಟಿಗೆ. ನಾವು ಚಿಕ್ಕವರಿದ್ದಾಗ ಊರಿನಲ್ಲಿ ನಮಗೆ ಸಿಗುತ್ತಿದ್ದದ್ದು ಮೆಕ್ಯಾನಿಕ್ಸ್ ಡಬ್ಬಿ, ಅದರ ನಟ್ಟು ಬೋಲ್ಟು. ಲೆಗೋ ಎಂದರೆ ಯಾರದೋ ಮನೆಗೆ ಅಮೆರಿಕದ ಮಾವ ತಂದುಕೊಟ್ಟದ್ದು. ಅದು ಷೋಕೇಸಿನೊಳಗೇ ಇರುತ್ತಿತ್ತು. ಈಗ ನಾವೇ ಆ ಅಮೆರಿಕದ ಮಾವಂದಿರು! ಆದರೆ ಅಂಗಡಿಯಲ್ಲಿ ದೊಡ್ಡ ಡಬ್ಬಿಯ ಬೆಲೆ ನೋಡಿದರೆ ಮಾವನ ಕೈ ಜೇಬಿನಲ್ಲೇ ಉಳಿಯುತ್ತದೆ. ಪ್ರತಿ ವಾರಾಂತ್ಯಕ್ಕೂ ಒಂದು ಬರ್ತ್‌ಡೇ ಪಾರ್ಟಿ ಇರುವ ನಮ್ಮ ಕಡೆಯಂತೂ ಕೇಳುವುದೇ ಬೇಡ.

ಅದೇ ಅಳತೆಯ, ಬೇರೆ ಹೆಸರಿನ, ಅರ್ಧ ಬೆಲೆಯ ಡಬ್ಬಿಗಳು ಈಗ ಬೇಕಾದಷ್ಟು ಸಿಗುತ್ತವೆ. ಕೊಡಿಸಬಹುದೇ? ಅದು ಕದ್ದ ಮಾಲೇ? ಮಗುವಿಗೆ ಅಪಾಯವಿಲ್ಲವೇ? ಈ ಹವ್ಯಾಸ ಹಚ್ಚಿಕೊಂಡ ಒಬ್ಬ ಎಂಜಿನಿಯರ್ ಎಂಬ ಕಾರಣಕ್ಕೆ ನನ್ನನ್ನು ಕೇಳುವವರಿದ್ದಾರೆ. ಎಲ್ಲರಿಗೂ ಸೇರಿ ಇಲ್ಲಿ ಉತ್ತರ ಬರೆಯುತ್ತಿದ್ದೇನೆ.

ಮೊದಲು ಕದ್ದ ಮಾಲಿನ ಮಾತು. ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನಮ್ಮ ನ್ಯೂಜೆರ್ಸಿಯಲ್ಲೇ ಎಂದರೆ ಹಲವರಿಗೆ ಆಶ್ಚರ್ಯವಾದೀತು. ಲೆಗೋ ಕಂಪನಿಯನ್ನು 1932ರಲ್ಲಿ ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಊರಿನಲ್ಲಿ ಶುರು ಮಾಡಿದವರು ಓಲೆ ಕಿರ್ಕ್ ಕ್ರಿಸ್ಟಿಯಾನ್ಸನ್ ಎಂಬ ಬಡಗಿ. ಮೊದಲು ಮಾಡುತ್ತಿದ್ದದ್ದು ಮರದ ಆಟಿಕೆ (ಚನ್ನಪಟ್ಟಣದವರು ಗಮನಿಸಬೇಕು!). 1949ರಲ್ಲಿ ಅವರು ತಂದ ಪ್ಲಾಸ್ಟಿಕ್ ಇಟ್ಟಿಗೆಗೆ ಮಾದರಿಯಾದದ್ದು ಇಂಗ್ಲೆಂಡಿನ ಹಿಲರಿ ಫಿಶರ್ ಪೇಜ್ ಅವರ ಕಿಡ್ಡಿಕ್ರಾಫ್ಟ್ ಇಟ್ಟಿಗೆ. ಅಂದರೆ ಅಸಲಿಗೂ ಒಂದು ಅಸಲಿ ಇತ್ತು! ಲೆಗೋದವರ ಸ್ವಂತದ ದೊಡ್ಡ ಹೆಜ್ಜೆ 1958ರದು. ಇಟ್ಟಿಗೆಯ ಟೊಳ್ಳು ಹೊಟ್ಟೆಯೊಳಗೆ ಅವರು ಕೊಳವೆಗಳನ್ನು ಇಟ್ಟರು. ಅದರ ಅಮೆರಿಕದ ಪೇಟೆಂಟ್ 1961ರಲ್ಲಿ ಸಿಕ್ಕಿ, 17 ವರ್ಷ ತುಂಬಿ 1978ರಲ್ಲಿ ಮುಗಿಯಿತು.

ಆಮೇಲೆ 1980ರ ದಶಕದಲ್ಲಿ ದಕ್ಷಿಣ ನ್ಯೂಜೆರ್ಸಿಯ ಟೈಕೋ ಎಂಬ ಆಟಿಕೆ ಕಂಪನಿ ಅದೇ ಅಳತೆಯ 'ಸೂಪರ್ ಬ್ಲಾಕ್ಸ್' ಅನ್ನು ಕಡಿಮೆ ಬೆಲೆಗೆ ಮಾರತೊಡಗಿತು. ವ್ಯಾಜ್ಯ ನ್ಯೂಜೆರ್ಸಿಯ ಫೆಡರಲ್ ಕೋರ್ಟಿಗೆ ಬಂತು. ಪೇಟೆಂಟ್ ಮುಗಿದ ಮೇಲೆ ಇಟ್ಟಿಗೆಯ ಕೆಲಸಕ್ಕೆ ಬೇಕಾದ ಆಕಾರ ಒಬ್ಬರ ಸ್ವತ್ತಲ್ಲ ಎಂದು 1987ರಲ್ಲಿ ತೀರ್ಪಾಯಿತು. ಹಾಂಗ್‌ಕಾಂಗಿನಿಂದ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋದ ಇನ್ನೊಂದು ಮೊಕದ್ದಮೆಯಲ್ಲೂ 1988ರಲ್ಲಿ ಟೈಕೋ ಗೆದ್ದಿತು. 2005ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಮೆಗಾ ಬ್ಲಾಕ್ಸ್ ಪರವಾಗಿ ಹೇಳಿದ್ದೂ ಇದೇ ಧಾಟಿಯ ಮಾತು. ಟೈಕೋ 1997ರಲ್ಲಿ ಮ್ಯಾಟೆಲ್‌ನಲ್ಲಿ ಸೇರಿಹೋಯಿತು, ತೀರ್ಪು ಮಾತ್ರ ಉಳಿಯಿತು.

ಹಾಗೆಂದು ಎಲ್ಲವೂ ಸರಿ ಅಲ್ಲ. ಇಟ್ಟಿಗೆ ಎಲ್ಲರದು, ಪುಟ್ಟ ಮನುಷ್ಯನ ಬೊಂಬೆ, ಡಬ್ಬಿಯ ಚಿತ್ರ, ಒಂದು ಸೆಟ್ಟಿನ ವಿನ್ಯಾಸ, ಹೆಸರು ಇವು ಎಲ್ಲರದಲ್ಲ. ಲೆಗೋದ ಸೆಟ್ಟುಗಳನ್ನೇ ಡಬ್ಬಿಸಮೇತ ನಕಲು ಮಾಡುತ್ತಿದ್ದ ಲೆಪಿನ್ ಎಂಬ ತಯಾರಕರ ಮೇಲೆ 2019ರಲ್ಲಿ ಚೀನಾದ ಪೊಲೀಸರೇ ದಾಳಿ ಮಾಡಿದರು. ಆದ್ದರಿಂದ ನನ್ನ ನಿಯಮ ಸರಳ. ತನ್ನದೇ ಹೆಸರು, ತನ್ನದೇ ವಿನ್ಯಾಸ ಇರುವ ಅಗ್ಗದ ಡಬ್ಬಿ ಮನೆಗೆ ಬರಬಹುದು. ಹೆಸರಿನ ಒಂದಕ್ಷರ ಬದಲಿಸಿ ಉಳಿದದ್ದೆಲ್ಲ ಎತ್ತಿಕೊಂಡದ್ದು ಬೇಡ. ಪಕ್ಕದವರ ಉತ್ತರ ಪತ್ರಿಕೆ ನೋಡಿ ಬರೆಯಬೇಡ ಎಂದು ಹೇಳುವ ನಾವೇ ಅದನ್ನು ಕೊಡಿಸಿದರೆ ಮಕ್ಕಳಿಗೆ ಗೊತ್ತಾಗುತ್ತದೆ.

ಇನ್ನು ಗಣಿತ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿ. ಇಟ್ಟಿಗೆಯ ಮೇಲಿನ ಗುಂಡನೆಯ ಉಬ್ಬನ್ನು ಸ್ಟಡ್ ಎನ್ನುತ್ತಾರೆ. ಅದರ ವ್ಯಾಸ 4.8 ಮಿ.ಮೀ. ಒಂದು ಸ್ಟಡ್ಡಿನ ನಡುವಿನಿಂದ ಪಕ್ಕದ ಸ್ಟಡ್ಡಿನ ನಡುವಿಗೆ 8 ಮಿ.ಮೀ. ನಾಲ್ಕು ಸ್ಟಡ್ಡುಗಳು ಸೇರಿ ಒಂದು ಚೌಕ. ಆ ಚೌಕದ ಕರ್ಣ 11.31 ಮಿ.ಮೀ. (ಹೈಸ್ಕೂಲಿನ ಪೈಥಾಗೊರಸ್ ನೆನಪಿಸಿಕೊಳ್ಳಿ.) ಎರಡೂ ತುದಿಯಲ್ಲಿ ಅರ್ಧರ್ಧ ಸ್ಟಡ್, ಅಂದರೆ ಒಟ್ಟು 4.8 ಕಳೆದರೆ ಉಳಿಯುವುದು 6.51. ಮೇಲಿನ ಇಟ್ಟಿಗೆಯ ಹೊಟ್ಟೆಯಲ್ಲಿರುವ ಕೊಳವೆಯ ಹೊರವ್ಯಾಸ ಅಷ್ಟೇ! ಕೊಳವೆ ನಾಲ್ಕು ಸ್ಟಡ್ಡುಗಳ ನಡುವೆ ಬಿಗಿಯಾಗಿ ಕೂರುತ್ತದೆ, ಪ್ಲಾಸ್ಟಿಕ್ ಕೂದಲೆಳೆಗಿಂತ ಕಡಿಮೆ ಬಾಗಿ ಹಿಡಿದುಕೊಳ್ಳುತ್ತದೆ. ಅಂಟಿಲ್ಲ, ಮೊಳೆಯಿಲ್ಲ.

ಅಗ್ಗದ ಡಬ್ಬಿ ಸೋಲುವುದೂ ಗೆಲ್ಲುವುದೂ ಈ ಕೂದಲೆಳೆಯಲ್ಲೇ. ಅಚ್ಚು ಹಳೆಯದಾಗಿ ಸವೆದಿದ್ದರೆ, ಅಥವಾ ಬಿಸಿ ಪ್ಲಾಸ್ಟಿಕ್ ಆರುವ ಮೊದಲೇ ಅಚ್ಚಿನಿಂದ ಹೊರತೆಗೆದರೆ, ಅಳತೆ ಕೆಡುತ್ತದೆ. ಇಟ್ಟಿಗೆಯ ಎತ್ತರ 9.6 ಮಿ.ಮೀ. ಇರಬೇಕು. ಒಂದರಲ್ಲಿ 0.05 ಹೆಚ್ಚಾದರೆ ಯಾರ ಕಣ್ಣಿಗೂ ಕಾಣದು. ಆದರೆ 30 ವರಸೆ ಏರಿಸಿದರೆ 288ರ ಬದಲು 289.5 ಆಗುತ್ತದೆ. ಆ ಕಂಬದ ಪಕ್ಕ ಸರಿಯಾದ ಇಟ್ಟಿಗೆಯ ಕಂಬ ನಿಲ್ಲಿಸಿ ಮೇಲೊಂದು ತೊಲೆ ಇಟ್ಟು ನೋಡಿ, ಕೂರುವುದಿಲ್ಲ. ಬೇರೆ ಬೇರೆ ಕಂಪನಿಯ ಇಟ್ಟಿಗೆಗಳನ್ನು ಎತ್ತರದ ಗೋಡೆಯಲ್ಲಿ ಬೆರೆಸಬೇಡಿ ಎಂದು ನಾನು ಹೇಳುವುದು ಇದಕ್ಕೇ. ಮಡಿವಂತಿಕೆಯಲ್ಲ, ಕೂಡುವ ದೋಷ!

ಹೊಸ ಡಬ್ಬಿ ಬಂದಾಗ ನಮ್ಮ ಮನೆಯಲ್ಲಿ ಕಟ್ಟುವ ಮೊದಲು ಪರೀಕ್ಷೆ ನಡೆಯುತ್ತದೆ. ಹತ್ತು ಇಟ್ಟಿಗೆ ಒಂದರ ಮೇಲೊಂದು ಜೋಡಿಸಿ, ಸ್ಟಡ್ ಬಿಟ್ಟು ಅಳೆದರೆ 96 ಮಿ.ಮೀ. ಬರಬೇಕು, ಶಾಲೆಯ ಸ್ಕೇಲ್ ಸಾಕು. ಮೂರು ತೆಳು ಪ್ಲೇಟುಗಳು ಸೇರಿ ಒಂದು ಇಟ್ಟಿಗೆಯ ಎತ್ತರಕ್ಕೆ ಸಮನಾಗಬೇಕು. ಆ ಕಂಬದ ಮೇಲಿನ ಇಟ್ಟಿಗೆ ಹಿಡಿದು ಅಲ್ಲಾಡಿಸಿದರೆ ಉದುರಬಾರದು, ಆದರೆ ಆರು ವರ್ಷದ ಮಗು ಹಲ್ಲು ಹಾಕದೆ ಬಿಡಿಸುವಂತಿರಬೇಕು. ಇಪ್ಪತ್ತು ಸಲ ಕೂಡಿಸಿ ಬಿಡಿಸಿ ಮತ್ತೆ ಅಲ್ಲಾಡಿಸಿ. ಮೊದಲ ಸಲ ಗಟ್ಟಿ, ಇಪ್ಪತ್ತನೆಯ ಸಲ ಸಡಿಲ ಎಂದರೆ ಪ್ಲಾಸ್ಟಿಕ್ ಕಳಪೆ. ಕೊನೆಗೆ ಒಂದೇ ಬಣ್ಣದ ಹತ್ತು ತುಂಡುಗಳನ್ನು ಕಿಟಕಿಯ ಬೆಳಕಿನಲ್ಲಿ ಸಾಲಾಗಿ ಇಡಿ. ಬಣ್ಣದಲ್ಲಿ ಹೆಚ್ಚುಕಡಿಮೆ ಇದ್ದರೆ ನಾನು ಕ್ಷಮಿಸುತ್ತೇನೆ, ಮಕ್ಕಳಂತೂ ಗಮನಿಸುವುದೇ ಇಲ್ಲ. ಹಿಡಿತದಲ್ಲಿ ಮಾತ್ರ ಕ್ಷಮೆ ಇಲ್ಲ. ಎರಡು ಗಂಟೆ ಕಟ್ಟಿದ ಗೋಡೆ ತಾನಾಗಿ ಕುಸಿದರೆ ಮಗು "ನನಗೆ ಬರೋಲ್ಲ" ಎಂದುಕೊಳ್ಳುತ್ತದೆ; ತಪ್ಪು ಇಟ್ಟಿಗೆಯದು ಎಂದು ಅದಕ್ಕೆ ಹೇಗೆ ಗೊತ್ತಾಗಬೇಕು?

ಸುರಕ್ಷತೆಯಲ್ಲಿ ಅಗ್ಗದ ಲೆಕ್ಕ ನಡೆಯದು. ಅಮೆರಿಕದಲ್ಲಿ 2008ರ ಕಾಯಿದೆಯ ನಂತರ ಮಕ್ಕಳ ಆಟಿಕೆಗೆ ಎಎಸ್‌ಟಿಎಂ ಎಫ್963 ಎಂಬ ಮಾನದಂಡ ಕಡ್ಡಾಯ. ಸೀಸ ಹತ್ತು ಲಕ್ಷದಲ್ಲಿ 100 ಭಾಗ ಮೀರುವಂತಿಲ್ಲ. ಡಬ್ಬಿಯ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು, ತಯಾರಾದ ದಿನಾಂಕ, ವಯಸ್ಸಿನ ಎಚ್ಚರಿಕೆ ಇದೆಯೇ ನೋಡಿ. ಡಬ್ಬಿಯೇ ಇಲ್ಲದೆ ಪ್ಲಾಸ್ಟಿಕ್ ಚೀಲಗಳಲ್ಲಿ ಬಂದದ್ದಾದರೆ, ಮನೆಯಲ್ಲಿ ಪುಟ್ಟ ತಮ್ಮನೋ ತಂಗಿಯೋ ಇದ್ದರೆ, ಹಿಂತಿರುಗಿಸಿ. ಮೂರು ವರ್ಷದೊಳಗಿನವರಿಗೆ ಗಂಟಲಿಗೆ ಸಿಕ್ಕುವ ತುಂಡನ್ನು ಇಲ್ಲಿನ ಸರ್ಕಾರ ಒಂದೂಕಾಲು ಇಂಚು ಅಗಲದ ಕೊಳವೆಯಿಂದ ಪರೀಕ್ಷಿಸುತ್ತದೆ. ನಮ್ಮ ಇಟ್ಟಿಗೆಗಳು ಬಹುಪಾಲು ಅದರೊಳಗೆ ಇಳಿದುಹೋಗುತ್ತವೆ, ದುಬಾರಿಯದೂ ಸಹ.

ಅದಕ್ಕಿಂತ ನನಗೆ ಭಯ ದೀಪದ್ದು. ಅಗ್ಗದ ಸೆಟ್ಟುಗಳಲ್ಲಿ ಮಿನುಗುವ ದೀಪ ಕೊಡುವುದು ಈಗ ಮಾಮೂಲು. ಅದರಲ್ಲಿ ಗುಂಡಿಯಂಥ ಬ್ಯಾಟರಿ ಇದ್ದರೆ ಮುಚ್ಚಳಕ್ಕೆ ಸ್ಕ್ರೂ ಇರಲೇಬೇಕು. ಉಗುರಿನಿಂದ ತೆಗೆಯಬಹುದಾದರೆ ದೀಪವನ್ನೇ ಎಸೆಯಿರಿ. ನುಂಗಿದ ಬ್ಯಾಟರಿ ಎರಡೇ ಗಂಟೆಯಲ್ಲಿ ಅನ್ನನಾಳವನ್ನು ಸುಡಬಲ್ಲದು. ಸಂಶಯ ಬಂದರೂ ಸಾಕು, ನೇರ ಎಮರ್ಜೆನ್ಸಿಗೆ ಹೋಗಿ. ದಾರಿಯಲ್ಲಿ 1-800-222-1222ಕ್ಕೆ ಫೋನ್ ಮಾಡಿ.

ಬೆಲೆಗೆ ಹವ್ಯಾಸಿಗಳಲ್ಲಿ ಒಂದು ಹಳೆಯ ಲೆಕ್ಕವಿದೆ: ತುಂಡಿಗೆ ಹತ್ತು ಸೆಂಟ್. ಅಗ್ಗದ್ದೆನ್ನಿಸಿಕೊಳ್ಳಬೇಕಾದರೆ ನಾಲ್ಕೈದು ಸೆಂಟಿಗೆ ಇಳಿಯಬೇಕು. ಆದರೆ "ಸಾವಿರ ತುಂಡು" ಎಂದು ಬರೆದು ಅರ್ಧಕ್ಕರ್ಧ ಸಾಸಿವೆ ಕಾಳು ತುಂಬಿರುತ್ತಾರೆ, ಹಾಗಾಗಿ ನಾನು ತೂಕ ನೋಡುತ್ತೇನೆ. 2×4 ಇಟ್ಟಿಗೆ ಸುಮಾರು 2.3 ಗ್ರಾಂ; ಒಂದು ಪೌಂಡಿಗೆ ಹತ್ತಿರ ಹತ್ತಿರ 200 ಬರುತ್ತವೆ. ಎಲ್ಲಕ್ಕಿಂತ ಅಗ್ಗ ಯಾವುದು ಗೊತ್ತೇ? ಬೇಸಿಗೆಯ ಗರಾಜ್ ಸೇಲ್! ಮಕ್ಕಳು ಕಾಲೇಜಿಗೆ ಹೋದ ಮನೆಯವರು ಅಸಲಿ ಇಟ್ಟಿಗೆಯನ್ನೇ ಬಕೆಟ್ಟುಗಟ್ಟಲೆ ಕೊಡುತ್ತಾರೆ. 40 ಡಿಗ್ರಿ ಸೆಲ್ಸಿಯಸ್ ಮೀರದ ನೀರಿನಲ್ಲಿ ಸೋಪು ಹಾಕಿ ತೊಳೆದು ನೆರಳಿನಲ್ಲಿ ಹರಡಿದರೆ ಆಯಿತು, ನಮ್ಮಮ್ಮ ಹುರುಳಿಕಾಳು ಹರಡುತ್ತಿದ್ದ ಹಾಗೆ.

ಇಷ್ಟೆಲ್ಲ ಆದ ಮೇಲೆ ಕಟ್ಟುವುದೇನು? ರೇಸ್ ಕಾರು ಡಬ್ಬಿಯಲ್ಲೇ ಇರುತ್ತದೆ. ನಾವು ಈ ಚಳಿಗಾಲದಲ್ಲಿ ಸೋಮನಾಥಪುರಕ್ಕೆ ಕೈ ಹಾಕಿದ್ದೇವೆ. 1258ರ ಆ ಕೇಶವ ದೇವಾಲಯ ಬೇಲೂರು, ಹಳೇಬೀಡುಗಳ ಜೊತೆ 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತಲ್ಲ! ಅದರ ಗರ್ಭಗುಡಿಗಳ ಹೊರನಕ್ಷೆ 16 ಮೂಲೆಯ ನಕ್ಷತ್ರ. ಚೌಕವನ್ನು ನಡುಬಿಂದುವಿನ ಸುತ್ತ 22.5 ಡಿಗ್ರಿಯಷ್ಟು ತಿರುಗಿಸುತ್ತ ಹೋದರೆ ನಾಲ್ಕು ಚೌಕಕ್ಕೆ 16 ಮೂಲೆ ಬರುತ್ತವೆ. ಕೋನಮಾಪಕ ಬೇಡ, ಕಾಗದದ ಒಂದು ಮೂಲೆಯನ್ನು ಎರಡು ಸಲ ಮಡಿಸಿದರೆ 22.5 ಡಿಗ್ರಿ ಸಿಕ್ಕಿತು.

ಇಟ್ಟಿಗೆಯಲ್ಲಿ ತಿರುಗಿಸುವುದು ಹೀಗೆ. 8×8 ಪ್ಲೇಟಿನ ನಟ್ಟನಡುವೆ, ಒಂದೇ ಸ್ಟಡ್ ಇರುವ 2×2 ಜಂಪರ್ ಪ್ಲೇಟ್ ಕೂರಿಸಿ. ಮೇಲಿನ 8×8 ಪ್ಲೇಟಿನ ತಳದಲ್ಲಿ ಸರಿಯಾಗಿ ನಡುವೆ ಒಂದು ಕೊಳವೆ ಇರುತ್ತದೆ, ಅದರ ಒಳಗೆ ಈ ಸ್ಟಡ್ ಹೋಗುತ್ತದೆ. ಈಗ ಮೇಲಿನ ಚೌಕ ಬೇಕಾದಷ್ಟು ತಿರುಗುತ್ತದೆ. ಓಲಾಡದಂತೆ ಸುತ್ತ ನಾಲ್ಕು ಕಡೆ ನುಣುಪು ಟೈಲ್ ಇಡಿ. ಜಂಪರಿನದೂ ಟೈಲಿನದೂ ಎತ್ತರ ಒಂದೇ, 3.2 ಮಿ.ಮೀ. ಇಡೀ ನಕ್ಷತ್ರ ನಿಂತಿರುವುದು ಒಂದೊಂದೇ ಸ್ಟಡ್ಡಿನ ಹಿಡಿತದ ಮೇಲೆ, ಆದ್ದರಿಂದ ಪರೀಕ್ಷೆಯಲ್ಲಿ ಪಾಸಾದ ಡಬ್ಬಿಯ ಇಟ್ಟಿಗೆಯನ್ನೇ ಬಳಸಿ. ಎರಡು ಗರ್ಭಗುಡಿ ಮುಗಿದಿವೆ. ವೇಣುಗೋಪಾಲನ ಗುಡಿಗೆ ಬೂದು ಬಣ್ಣದ 8×8 ಪ್ಲೇಟು ನಾಲ್ಕು ಸಾಲದು. ನಿಮ್ಮ ಬಕೆಟ್ಟಿನಲ್ಲಿದ್ದರೆ ಮುಂದಿನ ಕನ್ನಡ ತರಗತಿಗೆ ತನ್ನಿ, ಬದಲಿಗೆ ಕೆಂಪು ಇಟ್ಟಿಗೆ ಬೇಕಾದಷ್ಟಿವೆ.